ಧೂಳನ್ನು ಹುಟ್ಟುವ ಜಾಗದಲ್ಲೇ ತಡೆಯಿರಿ: ಕೆಲಸದಿಂದ ಬರುವ ಕ್ಯಾನ್ಸರ್ ತಪ್ಪಿಸುವ ದಾರಿ

ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಹೋದವರು ಪುಣೆಯ ಕಟ್ಟಡದ ಸೈಟುಗಳಲ್ಲಿ, ವಾಸ್ಕೋ ಪಕ್ಕದ ಝುವಾರಿನಗರದಲ್ಲಿ ಸಿಗುತ್ತಾರೆ. ಕರಾವಳಿಯವರು ಮುಂಬೈಯ ಹೋಟೆಲ್ ಅಡುಗೆಮನೆಗಳಲ್ಲಿ, ಬೆಳಗಾವಿ-ಹುಬ್ಬಳ್ಳಿ ಕಡೆಯ ಹುಡುಗರು ಪುಣೆ ಬಳಿಯ ಭೋಸರಿ, ಚಾಕಣದ ಮಷಿನ್ ಶಾಪುಗಳಲ್ಲಿ. ಕೆಲಸ ಬೇರೆ ಬೇರೆಯಾದರೂ ಒಂದು ಅಂಶ ಸಮಾನ: ಕ್ಯಾನ್ಸರ್ ತರಬಲ್ಲ ಯಾವುದೋ ಒಂದು ವಸ್ತು ಉಸಿರಾಡುವ ಗಾಳಿಯಲ್ಲೋ ಚರ್ಮದ ಮೇಲೋ ದಿನವೂ ಇರುತ್ತದೆ.

ಇಲ್ಲಿ ಮೋಸ ಮಾಡುವುದು ಕಾಲ. ಆಸ್ಬೆಸ್ಟಾಸ್ ನಾರು ಶ್ವಾಸಕೋಶ ಸೇರಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 15ರಿಂದ 40 ವರ್ಷ ಬೇಕು. ಅಷ್ಟರಲ್ಲಿ ಠೇಕೆದಾರ ಬದಲಾಗಿರುತ್ತಾನೆ, ಕಂಪನಿ ಮುಚ್ಚಿರುತ್ತದೆ, ಮನುಷ್ಯ ಊರಿಗೆ ಮರಳಿರುತ್ತಾನೆ. ‘ಹತ್ತು ವರ್ಷದಿಂದ ಮಾಡ್ತಿದ್ದೀನಿ, ನನಗೇನೂ ಆಗಿಲ್ಲ’ ಎಂಬ ಮಾತಿಗೆ ಹಾಗಾಗಿ ಬೆಲೆಯಿಲ್ಲ.

ಪರಿಹಾರವೆಂದರೆ ಎಲ್ಲರೂ ಮೊದಲು ಕೈ ಹಾಕುವುದು ಮಾಸ್ಕಿಗೆ. ಅದು ಕೊನೆಯ ಮೆಟ್ಟಿಲು. ವಿಷದ ವಸ್ತುವನ್ನೇ ಬದಲಿಸಬಹುದೇ ಎಂದು ಮೊದಲು ನೋಡಬೇಕು. ಆಗದಿದ್ದರೆ ನೀರು ಹಾಕಿ, ಮುಚ್ಚಿ, ಇಲ್ಲವೇ ಎಳೆದು ಹೊರಹಾಕಿ ಹುಟ್ಟುವಲ್ಲೇ ಹಿಡಿಯಬೇಕು. ಅದರಿಂದಲೂ ತಪ್ಪಿಸಿಕೊಂಡದ್ದಕ್ಕೆ ಮಾತ್ರ ಮಾಸ್ಕ್.

ಏನಿದೆ ಎಂದು ಮೊದಲು ಗುರುತಿಸಿ

ಡಬ್ಬ, ಡ್ರಮ್ಮು, ಚೀಲದ ಮೇಲೆ ಕೆಂಪು ಅಂಚಿನ ವಜ್ರಾಕಾರದೊಳಗೆ ಮನುಷ್ಯನ ಎದೆ, ಎದೆಯ ಮೇಲೆ ನಕ್ಷತ್ರದಂತೆ ಸಿಡಿದ ಗುರುತು ಇದ್ದರೆ ಅದು ದೀರ್ಘಕಾಲದ ಅಪಾಯದ ಚಿಹ್ನೆ. ಅದರ ಹತ್ತಿರ ‘ಎಚ್350’ ಸಂಕೇತವಿದ್ದರೆ ಕ್ಯಾನ್ಸರ್ ತರಬಹುದು ಎಂದರ್ಥ, ‘ಎಚ್351’ ಇದ್ದರೆ ತರುವ ಶಂಕೆ ಇದೆ ಎಂದರ್ಥ. ಪ್ರತಿ ರಾಸಾಯನಿಕಕ್ಕೂ ಸುರಕ್ಷತಾ ಮಾಹಿತಿ ಹಾಳೆ, ಅಂದರೆ ಎಸ್‌ಡಿಎಸ್, ಇರಬೇಕು. ಅದರಲ್ಲಿ 16 ಭಾಗ. ಎಲ್ಲವನ್ನೂ ಓದುತ್ತ ಕೂರಬೇಕಿಲ್ಲ: ಅಪಾಯಕ್ಕೆ 2ನೇ ಭಾಗ, ಒಳಗೆ ಏನಿದೆ ಎಂಬುದಕ್ಕೆ 3, ಯಾವ ಮಾಸ್ಕು ಯಾವ ಗ್ಲೌಸು ಎಂಬುದಕ್ಕೆ 8, ದೇಹದ ಮೇಲಿನ ಪರಿಣಾಮಕ್ಕೆ 11. ವಸ್ತುವಿನ ಹೆಸರು ಕಂಪನಿಯಿಂದ ಕಂಪನಿಗೆ ಬದಲಾದರೂ ಸಿಎಎಸ್ (CAS) ಸಂಖ್ಯೆ, ಅಂದರೆ ಪ್ರತಿ ರಾಸಾಯನಿಕದ ಗುರುತಿನ ಸಂಖ್ಯೆ, ಬದಲಾಗುವುದಿಲ್ಲ. ಪೆಟ್ರೋಲಿನಲ್ಲಿರುವ ಬೆಂಜೀನ್ 71-43-2. ಕಲ್ಲಿನ ಧೂಳಿನ ಸ್ಫಟಿಕ ಸಿಲಿಕಾ (ಕ್ವಾರ್ಟ್ಜ್) 14808-60-7. ಬಿಳಿ ಆಸ್ಬೆಸ್ಟಾಸ್ 12001-29-5. ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಡಬ್ಬದ ಲೇಬಲ್ ಜೊತೆ ತಾಳೆ ನೋಡಬಹುದು.

ಲೇಬಲ್ಲೇ ಇಲ್ಲದವೂ ಇವೆ. ಕತ್ತರಿಸಿದ ಕಲ್ಲಿನ ಧೂಳು, ಡೀಸೆಲ್ ಹೊಗೆ, ವೆಲ್ಡಿಂಗ್ ಹೊಗೆ, ಮರದ ಹುಡಿ, ಹಳೆಯ ಎಂಜಿನ್ ಆಯಿಲ್: ಇವನ್ನು ಯಾರೂ ಡಬ್ಬದಲ್ಲಿ ಮಾರುವುದಿಲ್ಲ, ಕೆಲಸದ ಹೊತ್ತಿಗೆ ತಾವೇ ಹುಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ ಡೀಸೆಲ್ ಹೊಗೆಯನ್ನು 2012ರಲ್ಲಿ, ಹೊರಗಿನ ವಾಯುಮಾಲಿನ್ಯವನ್ನು 2013ರಲ್ಲಿ ಮೊದಲ ಗುಂಪಿಗೆ, ಅಂದರೆ ಮನುಷ್ಯನಲ್ಲಿ ಕ್ಯಾನ್ಸರ್ ತರುವುದು ಖಚಿತ ಎನ್ನುವ ಪಟ್ಟಿಗೆ, ಸೇರಿಸಿತು. ಸಿಲಿಕಾ, ಆಸ್ಬೆಸ್ಟಾಸ್, ಮರದ ಹುಡಿ, ಬೆಂಜೀನ್, ವೆಲ್ಡಿಂಗ್ ಹೊಗೆ ಎಲ್ಲವೂ ಅದೇ ಗುಂಪಿನಲ್ಲಿವೆ.

ಕಲ್ಲು, ಟೈಲ್ಸ್, ಕಾಂಕ್ರೀಟ್ ಕತ್ತರಿಸುವವರಿಗೆ

ನಮ್ಮವರಲ್ಲಿ ಹೆಚ್ಚು ಜನರನ್ನು ತಟ್ಟುವುದು ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು-ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಶ್ವಾಸಕೋಶದ ತಳಕ್ಕೆ ಇಳಿಯುವುದು ಸುಮಾರು 4 ಮೈಕ್ರಾನಿಗಿಂತ ಸಣ್ಣ ಕಣ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಎಷ್ಟು ಸಣ್ಣದೆಂದು ಅಂದಾಜು ಸಿಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಕೆಲಸ ನಿಲ್ಲಿಸಿ ಅಲ್ಲೇ ಕೂತು ಊಟದ ಡಬ್ಬಿ ಬಿಚ್ಚುವಾಗಲೂ ಒಳಗೆ ಹೋಗುತ್ತಿರುತ್ತದೆ. ಇದರಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ರೋಗ ಬರುತ್ತದೆ, ಕ್ಷಯ ಬೇಗ ಹಿಡಿಯುತ್ತದೆ, ಶ್ವಾಸಕೋಶದ ಕ್ಯಾನ್ಸರ್ ಅಪಾಯವೂ ಏರುತ್ತದೆ.

ಎಲ್ಲ ಕಲ್ಲೂ ಒಂದೇ ಅಲ್ಲ. ಮಾರ್ಬಲ್ಲಿನಲ್ಲಿ ಸಿಲಿಕಾ ತೀರ ಕಡಿಮೆ. ಗ್ರಾನೈಟಿನಲ್ಲಿ ಮೂರರಲ್ಲೊಂದು ಭಾಗದ ಆಸುಪಾಸು. ಮರಳುಗಲ್ಲಿನಲ್ಲಿ ಬಹುಪಾಲು ಅದೇ. ಈಗ ಅಡುಗೆಮನೆ ಕಟ್ಟೆಗೆ ಎಲ್ಲರೂ ಕೇಳುವ ಕೃತಕ ‘ಕ್ವಾರ್ಟ್ಜ್’ ಸ್ಲ್ಯಾಬಿನಲ್ಲಿ 90 ಶೇಕಡಾವನ್ನೂ ಮೀರಬಹುದು. ಇದನ್ನು ಕತ್ತರಿಸಿದ ಯುವಕರಲ್ಲಿ ಕೆಲವೇ ವರ್ಷಗಳಲ್ಲಿ ಸಿಲಿಕೋಸಿಸ್ ಕಂಡು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಸ್ಲ್ಯಾಬನ್ನೇ ನಿಷೇಧಿಸಿತು. ಮನೆ ಕಟ್ಟಿಸುವವರು ಗ್ರಾನೈಟೋ ಮಾರ್ಬಲ್ಲೋ ಆರಿಸಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಕತ್ತರಿಸುವ ಕ್ರಮ ಹೀಗಿರಲಿ:

1. ಆದಷ್ಟನ್ನು ಯಾರ್ಡಿನಲ್ಲೇ ಅಳತೆಗೆ ಕತ್ತರಿಸಿ ತರಿಸಿ. ಅಲ್ಲಿನ ದೊಡ್ಡ ಯಂತ್ರಕ್ಕೆ ನೀರು ಇದ್ದೇ ಇರುತ್ತದೆ. ಸೈಟಿನಲ್ಲಿ ಉಳಿಯುವುದು ಅಂಚಿನ ಕೆಲಸ ಮಾತ್ರ.

2. ಟೈಲ್ಸನ್ನು ನೇರವಾಗಿ ಕತ್ತರಿಸಲು ಗ್ರೈಂಡರ್ ಬೇಡ. ಗೀರಿ ಮುರಿಯುವ ಕೈ ಕಟ್ಟರ್ ಸಾಕು, ಅದರಲ್ಲಿ ಧೂಳೇ ಇಲ್ಲವೆನ್ನಬಹುದು.

3. ಯಂತ್ರ ಬೇಕೇ ಬೇಕೆಂದರೆ ನೀರಿನ ನಳಿಗೆ ಇರುವ ಮಾರ್ಬಲ್ ಕಟ್ಟರ್ ಬಳಸಿ. ಸಾದಾ ಆಂಗಲ್ ಗ್ರೈಂಡರಿಗೆ ಮೇಲಿಂದ ನೀರು ಸುರಿಯಬೇಡಿ, ಶಾಕ್ ಹೊಡೆದು ಸತ್ತವರಿದ್ದಾರೆ. ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು, ಇರಲೇಬೇಕು.

4. ಬ್ಲೇಡಿಗೆ ನಿಮಿಷಕ್ಕೆ ಕನಿಷ್ಠ ಅರ್ಧ ಲೀಟರ್ ನೀರು ಬೀಳಬೇಕು. ಅಳೆಯುವುದು ಸುಲಭ: ಅರ್ಧ ಲೀಟರ್ ಬಾಟಲಿ ನಳಿಗೆಗೆ ಹಿಡಿಯಿರಿ, ಒಂದು ನಿಮಿಷದೊಳಗೆ ತುಂಬಬೇಕು. ಸೈಟಿನಲ್ಲಿ ನಲ್ಲಿ ಇಲ್ಲದಿದ್ದರೆ 20 ಲೀಟರಿನ ಕ್ಯಾನನ್ನು ತಲೆಗಿಂತ ಎತ್ತರದಲ್ಲಿ ಕಟ್ಟಿ ಪೈಪು ಇಳಿಸಿ. 40 ನಿಮಿಷ ಬರುತ್ತದೆ. ನೀರು ನಿಂತ ಕೂಡಲೇ ಕಟ್ಟರೂ ನಿಲ್ಲಬೇಕು. ‘ಇನ್ನೊಂದೇ ಗೇಣು’ ಎಂದು ಒಣಗಲಲ್ಲೇ ಎಳೆಯುವುದೇ ಇಲ್ಲಿನ ದೊಡ್ಡ ತಪ್ಪು.

5. ಕೆಳಗೆ ಬಿದ್ದ ಕೆಸರನ್ನು ಒದ್ದೆಯಿರುವಾಗಲೇ ಬಾಚಿ ಚೀಲಕ್ಕೆ ಹಾಕಿ. ರಾತ್ರಿ ಒಣಗಿ ಬೆಳಿಗ್ಗೆ ಪೊರಕೆ ಬಿದ್ದರೆ ನೀರು ಹಾಕಿದ ಶ್ರಮವೆಲ್ಲ ವ್ಯರ್ಥ. ಗುಡಿಸುವ ಮೊದಲು ನೀರು ಚಿಮುಕಿಸಿ. ಗುಡಿಸುವವಳು ಸಾಮಾನ್ಯವಾಗಿ ಹೆಂಗಸು, ಅವಳಿಗೆ ಮಾಸ್ಕೇ ಸಿಕ್ಕಿರುವುದಿಲ್ಲ ಎಂಬುದನ್ನು ಮೇಸ್ತ್ರಿ ನೆನಪಿಡಬೇಕು.

ವೈರಿಂಗಿಗೆ ಗೋಡೆ ಕೊರೆಯುವುದು ಇದಕ್ಕಿಂತ ಕೆಟ್ಟದ್ದು. ಮುಚ್ಚಿದ ಕೋಣೆ, ಮುಖದ ಎತ್ತರದಲ್ಲೇ ಗ್ರೈಂಡರ್, ನೀರು ಹಾಕಲು ಬರುವುದಿಲ್ಲ. ಪ್ಲಾಸ್ಟರಿಗೆ ಮೊದಲೇ ಪೈಪು ಕೂರಿಸುವುದು ಒಳ್ಳೆಯ ದಾರಿ. ಇಲ್ಲದಿದ್ದರೆ ಬ್ಲೇಡು ಮುಚ್ಚುವ ಕವಚ ಮತ್ತು ವ್ಯಾಕ್ಯೂಮ್ ಸೇರಿದ ಗೋಡೆ ಕೊರೆಯುವ ಯಂತ್ರ (ವಾಲ್ ಚೇಸರ್) ಬಾಡಿಗೆಗೆ ತನ್ನಿ. ಫ್ಯಾನು ಇಡುವುದಾದರೆ ಗಾಳಿ ಬೆನ್ನ ಹಿಂದಿನಿಂದ ಬಂದು ಕಿಟಕಿಯಿಂದ ಹೊರಹೋಗಬೇಕು. ಪಕ್ಕದ ಕೋಣೆಯ ಪೇಂಟರ್ ಕಡೆಗೆ ದೂಡಿದರೆ ರೋಗ ಹಂಚಿದ ಹಾಗೆ.

ಸಿಮೆಂಟ್ ಪತ್ರಾ

ಚಾಳು, ಝೋಪಡಪಟ್ಟಿ, ಹಳೆಯ ಗೋದಾಮುಗಳ ಮೇಲಿನ ಸುಕ್ಕು ಸುಕ್ಕಾದ ಬೂದು ಪತ್ರಾ (ಶೀಟು) ಬಹುಮಟ್ಟಿಗೆ ಆಸ್ಬೆಸ್ಟಾಸ್ ಸಿಮೆಂಟೇ. ನೋಡಿ ಹೇಳಲಾಗದು. ಗೊತ್ತಿಲ್ಲದಿದ್ದರೆ ಇದೆ ಎಂದೇ ಹಿಡಿಯಿರಿ. ಗಟ್ಟಿಯಾಗಿ ಮೇಲೆ ಕೂತಿರುವ ಪತ್ರಾ ತಕ್ಷಣದ ಅಪಾಯವಲ್ಲ. ಒಡೆದಾಗ, ಕೊರೆದಾಗ, ಉಜ್ಜಿದಾಗ ನಾರು ಏಳುತ್ತದೆ. ಮೇ ತಿಂಗಳಲ್ಲಿ ಮಳೆಗೆ ಮುಂಚಿನ ರಿಪೇರಿ ಶುರುವಾದಾಗ ಆಗುವುದೆಲ್ಲ ಇದೇ.

ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ತೂತು ಬೇಕಾದರೆ ಕೈ ಡ್ರಿಲ್ಲು ಅಥವಾ ಅತಿ ನಿಧಾನದ ಡ್ರಿಲ್ಲು ಸಾಕು. ತೂತಿನ ಜಾಗಕ್ಕೆ ಗಡ್ಡಕ್ಕೆ ಹಚ್ಚುವ ಶೇವಿಂಗ್ ನೊರೆಯನ್ನು ದಪ್ಪಗೆ ಹಾಕಿ, ಅದರ ಮೂಲಕವೇ ಕೊರೆಯಿರಿ. ಹುಡಿ ನೊರೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನೂ ಚೀಲಕ್ಕೆ ಹಾಕಿ. ಪತ್ರಾ ತೆಗೆಯುವಾಗ ಸುತ್ತಿಗೆ ಬೇಡ: ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಬೆರೆಸಿ ಎರಡೂ ಬದಿ ನೆನೆಸಿ, ಹುಕ್ಕು ಬಿಚ್ಚಿ, ಇಡಿಯಾಗಿ ಇಳಿಸಿ. ಮೇಲಿಂದ ಎಸೆಯಬೇಡಿ. 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಾಕಿ, ಮೇಲೆ ‘ಆಸ್ಬೆಸ್ಟಾಸ್’ ಎಂದು ಬರೆಯಿರಿ. ದೊಡ್ಡ ಪ್ರಮಾಣದ್ದು ಅಪಾಯಕಾರಿ ತ್ಯಾಜ್ಯ, ಮುಂಬೈ ಭಾಗಕ್ಕೆ ತಳೋಜದಲ್ಲಿ ಇದಕ್ಕೆಂದೇ ವಿಲೇವಾರಿ ಘಟಕವಿದೆ. ತುಂಡುಗಳನ್ನು ಪುಡಿ ಮಾಡಿ ನೆಲ ತುಂಬಲು ಬಳಸುವ ರೂಢಿ ಬಿಡಬೇಕು, ಮಕ್ಕಳು ಆಡುವುದು ಅಲ್ಲೇ. ಇನ್ನೊಂದು, ಕ್ಯಾನ್ಸರಿಗೂ ಮೊದಲಿನ ಮಾತು: ಹಳೆಯ ಪತ್ರಾ ಕಾಲಿಟ್ಟರೆ ಮುರಿಯುತ್ತದೆ. ಅಡ್ಡ ಹಲಗೆ ಹಾಕಿ ಅದರ ಮೇಲೆ ಮಾತ್ರ ನಡೆಯಿರಿ.

ಮುಂಬೈಯ ರೇ ರೋಡಿನ ದಾರುಖಾನಾದಲ್ಲಿ ಹಡಗು ಒಡೆಯುವವರಿಗೆ, ಗೋವಾದ ಹಡಗುಕಟ್ಟೆಗಳಲ್ಲಿ ದುರಸ್ತಿ ಮಾಡುವವರಿಗೆ ಈ ಉಪಾಯಗಳು ಸಾಲವು. ಹಳೆಯ ಹಡಗಿನ ಬಾಯ್ಲರ್, ಪೈಪುಗಳ ಸುತ್ತಿನ ಬಿಳಿ ಹತ್ತಿಯಂಥ ಹೊದಿಕೆ ಬೆರಳು ತಾಗಿದರೆ ಉದುರುತ್ತದೆ. ಅದನ್ನು ತರಬೇತಿ ಇಲ್ಲದವರು ಮುಟ್ಟಲೇಬಾರದು.

ವರ್ಕ್‌ಶಾಪ್, ಗ್ಯಾರೇಜ್, ಬಡಗಿ ಕೆಲಸ

ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗಿನ ಹೊಗೆಯಲ್ಲಿ ಕ್ರೋಮಿಯಂ-6 (ಕ್ರೋಮಿಯಂನ ಕ್ಯಾನ್ಸರ್ ತರುವ ರೂಪ) ಮತ್ತು ನಿಕಲ್ ಇರುತ್ತವೆ, ಸಾದಾ ಉಕ್ಕಿನದಕ್ಕಿಂತ ಇದು ಕೆಟ್ಟದ್ದು. ರಾಡ್ ವೆಲ್ಡಿಂಗಿಗಿಂತ ಟಿಗ್‌ನಲ್ಲಿ (ಆರ್ಗಾನ್ ವೆಲ್ಡಿಂಗಿನಲ್ಲಿ) ಹೊಗೆ ಕಡಿಮೆ. ಹೊಗೆ ಎಳೆಯುವ ಪೈಪಿನ ಬಾಯಿ ಆರ್ಕಿನಿಂದ ಒಂದು ಅಡಿಯೊಳಗೆ ಇರಬೇಕು. ಎರಡಡಿ ದೂರ ಸರಿದರೆ ಸದ್ದಷ್ಟೇ ಇರುತ್ತದೆ, ಎಳೆತ ಇರುವುದಿಲ್ಲ. ಹೊಗೆಯ ಕಂಬದೊಳಗೆ ತಲೆ ಬಗ್ಗಿಸಬೇಡಿ. ಟಿಗ್‌ನ ಕೆಂಪು ತುದಿಯ ಟಂಗ್‌ಸ್ಟನ್ ಕಡ್ಡಿಯಲ್ಲಿ 2 ಶೇಕಡಾ ಥೋರಿಯಂ ಇದೆ, ಅದು ವಿಕಿರಣಶೀಲ, ಚೂಪು ಮಾಡುವಾಗಿನ ಹುಡಿ ಒಳಗೆ ಹೋಗುತ್ತದೆ. ಲ್ಯಾಂಥನಂ ಅಥವಾ ಸೀರಿಯಂ ಇರುವ ಕಡ್ಡಿಗಳು ಅದೇ ಕೆಲಸ ಮಾಡುತ್ತವೆ, ಅಂಗಡಿಯಲ್ಲಿ ಅವನ್ನೇ ಕೇಳಿ.

ಲೇತ್, ಸಿಎನ್‌ಸಿ ಮೇಲೆ ದುಡಿಯುವವರಿಗೆ ಎಣ್ಣೆಯ ಮಂಜು ಮತ್ತು ಚರ್ಮಕ್ಕೆ ತಗಲುವ ಎಣ್ಣೆ ಎರಡೂ ಲೆಕ್ಕಕ್ಕೆ ಬರುತ್ತವೆ. ಎಣ್ಣೆ ನೆನೆದ ಚಿಂದಿಯನ್ನು ಪ್ಯಾಂಟಿನ ಜೇಬಿಗೆ ತುರುಕುವ ಅಭ್ಯಾಸ ಚಿಕ್ಕದಾಗಿ ಕಂಡರೂ ತೊಡೆಸಂದಿಯ, ವೃಷಣದ ಚರ್ಮದ ಕ್ಯಾನ್ಸರಿಗೆ ಅದು ಹಳೆಯ ಕಾರಣ. ಹವಾ ಹೊಡೆದು ಚಿಪ್ಸ್ ಹಾರಿಸುವುದನ್ನು ಬಿಟ್ಟು ಬ್ರಷ್ ಬಳಸಿ. ಸ್ಪಿಂಡಲ್ ನಿಂತ ಮೇಲೆ ಮಂಜು ಇಳಿಯಲು ಸ್ವಲ್ಪ ಬಿಟ್ಟು ಬಾಗಿಲು ತೆರೆಯಿರಿ.

ಗ್ಯಾರೇಜಿನಲ್ಲಿ ಮೂರು ಚಾಳಿ ಬಿಡಬೇಕು. ಬ್ರೇಕ್ ಡ್ರಮ್ಮಿನ ಹುಡಿಗೆ ಹವಾ ಹೊಡೆಯುವುದು ಮೊದಲನೆಯದು, ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಎರಡನೆಯದು ಪೆಟ್ರೋಲಿನಲ್ಲಿ ಕೈ ಮತ್ತು ಪಾರ್ಟ್ಸ್ ತೊಳೆಯುವುದು. ಪೆಟ್ರೋಲಿನಲ್ಲಿ 1 ಶೇಕಡಾವರೆಗೆ ಬೆಂಜೀನ್ ಇರಬಹುದು, ಅದು ರಕ್ತದ ಕ್ಯಾನ್ಸರ್ ತರುತ್ತದೆ, ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಪೈಪಿಗೆ ಬಾಯಿ ಹಾಕಿ ಪೆಟ್ರೋಲ್ ಎಳೆಯುವುದು ಮೂರನೆಯದು. ಥಿನ್ನರಿನಲ್ಲಿ ಕೈ ತೊಳೆಯುವ ಪೇಂಟರುಗಳಿಗೂ ಇದೇ ಮಾತು: ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು.

ಬಡಗಿಗಳಿಗೆ ಗಟ್ಟಿ ಮರದ ನುಣುಪು ಹುಡಿ ಮೂಗಿನ ಒಳಗಿನ ಕ್ಯಾನ್ಸರಿಗೆ ದಾರಿ. ಸ್ಯಾಂಡರಿಗೆ ವ್ಯಾಕ್ಯೂಮ್ ಜೋಡಿಸಿದರೆ ಸಾಕಷ್ಟು ತಪ್ಪುತ್ತದೆ. ತಾಮ್ರಕ್ಕಾಗಿ ವೈರು ಸುಡುವುದು ಮಾತ್ರ ಯಾವ ಉಪಾಯದಿಂದಲೂ ಸುರಕ್ಷಿತವಾಗದು, ಡಯಾಕ್ಸಿನ್ ಎಂಬ ವಿಷದ ಹೊಗೆ ಇಡೀ ಗಲ್ಲಿಗೆ ಹೋಗುತ್ತದೆ. ಕೈಯಿಂದ ಸಿಪ್ಪೆ ಸುಲಿಯುವ ಯಂತ್ರ ಇಟ್ಟುಕೊಳ್ಳಿ.

ಹೋಟೆಲ್ ಅಡುಗೆಮನೆ

ಅತಿ ಬಿಸಿಯಲ್ಲಿ ಎಣ್ಣೆ ಕರಿಯುವಾಗಿನ ಹೊಗೆಯನ್ನು ಐಎಆರ್‌ಸಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ಇರಿಸಿದೆ. ಕಲ್ಲಿದ್ದಲ ತಂದೂರ್ ಇದ್ದಲ್ಲಿ ಅಪಾಯ ಹೆಚ್ಚು. ಮುಂಬೈಯಲ್ಲಿ ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿ-ತಂದೂರುಗಳು ಗ್ಯಾಸು ಅಥವಾ ವಿದ್ಯುತ್ತಿಗೆ ಬದಲಾಗಬೇಕೆಂದು 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಆರು ತಿಂಗಳ ಗಡುವು ಕೊಟ್ಟಿತು. ಆದೇಶ ಬಂದದ್ದು ನಗರದ ಗಾಳಿಗಾಗಿ. ಮೊದಲ ಲಾಭ ಮಾತ್ರ ಭಟ್ಟಿಯ ಮುಂದೆ ನಿಲ್ಲುವವನಿಗೆ.

ದೋಸೆ ಕಾವಲಿ, ಬಾಣಲೆಗಳ ಮೇಲಿನ ಹುಡ್ ಒಲೆಯ ಅಂಚಿನಿಂದ ಎಲ್ಲ ಬದಿಗೂ ಕನಿಷ್ಠ 15 ಸೆಂಟಿಮೀಟರ್ ಚಾಚಿರಬೇಕು. ಎಳೆಯುತ್ತಿದೆಯೇ ಎಂದು ನೋಡಲು ಊದುಬತ್ತಿ ಹಚ್ಚಿ ಹುಡ್ಡಿನ ಅಂಚಿಗೆ ಹಿಡಿಯಿರಿ. ಹೊಗೆ ನೆಟ್ಟಗೆ ಒಳಕ್ಕೆ ಬಾಗಬೇಕು. ಮುಖದ ಕಡೆ ಮರಳಿದರೆ ಒಂದೋ ಜಾಲರಿಯಲ್ಲಿ ಜಿಡ್ಡು ಕಟ್ಟಿದೆ, ಇಲ್ಲವೇ ಗಿರಾಕಿಗಳು ಕೂರುವ ಎಸಿ ಹಾಲ್‌ನ ತಂಪು ಉಳಿಯಲೆಂದು ಅಡುಗೆಮನೆಯ ಎಲ್ಲ ಬಾಗಿಲು ಮುಚ್ಚಿ ಹೊಸ ಗಾಳಿ ಬರುವ ದಾರಿಯನ್ನೇ ಕಟ್ಟಿಹಾಕಿದ್ದಾರೆ. ಹೊರಗಿನ ಗಾಳಿ ಒಳಗೆ ಬಾರದೆ ಫ್ಯಾನು ಏನನ್ನೂ ಹೊರಗೆ ಹಾಕಲಾರದು. ದೊಡ್ಡ ಫ್ಯಾನು ಕೊಳ್ಳುವ ಮೊದಲು ಒಂದು ಜಾಲರಿ ಕಿಟಕಿ ತೆರೆದು ಊದುಬತ್ತಿಯಿಂದ ಮತ್ತೊಮ್ಮೆ ನೋಡಿ. ಜಾಲರಿಯನ್ನು ವಾರಕ್ಕೊಮ್ಮೆ ಬಿಸಿನೀರು-ಸೋಡಾದಲ್ಲಿ ತೊಳೆಯಿಸಿ. ಎಣ್ಣೆ ಹೊಗೆಯಾಡುವ ಮೊದಲೇ ಉರಿ ತಗ್ಗಿಸಿ, ಕಪ್ಪಾದ ಎಣ್ಣೆ ಬೇಗ ಹೊಗೆಯೇಳುತ್ತದೆ, ಅದನ್ನು ಚೆಲ್ಲಿ.

ಮಾಸ್ಕ್: ಸರಿಯಾದದ್ದು, ಸರಿಯಾಗಿ

ಟವೆಲ್ಲು, ಕರವಸ್ತ್ರ, ಆಸ್ಪತ್ರೆಯ ನೀಲಿ ಮಾಸ್ಕು ಸಣ್ಣ ಧೂಳಿಗೆ ಉಪಯೋಗವಿಲ್ಲ. ಭಾರತೀಯ ಮಾನಕ ಐಎಸ್ 9473ರ ಗುರುತಿರುವ ಎಫ್‌ಎಫ್‌ಪಿ2 (FFP2) ದರ್ಜೆಯ ಮಾಸ್ಕ್ ಕೊಳ್ಳಿ. ಕೃತಕ ಕಲ್ಲು, ಆಸ್ಬೆಸ್ಟಾಸ್, ಸ್ಟೇನ್‌ಲೆಸ್ ವೆಲ್ಡಿಂಗಿಗೆ ಎಫ್‌ಎಫ್‌ಪಿ3. ಒಂದು ಪಟ್ಟಿ ನೆತ್ತಿಯ ಹಿಂದೆ, ಇನ್ನೊಂದು ಕಿವಿಯ ಕೆಳಗೆ ಕತ್ತಿನ ಹಿಂದೆ. ಎರಡನ್ನೂ ಕತ್ತಿಗೇ ಹಾಕಿದರೆ ಗಲ್ಲದ ಬಳಿ ಸಂದಿ ಬಿಡುತ್ತದೆ. ಮೂಗಿನ ತಗಡನ್ನು ಎರಡು ಕೈಬೆರಳಿಂದ ಒತ್ತಿ, ಅಂಗೈಗಳಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೋ ಕೆನ್ನೆಗೋ ಗಾಳಿ ತಾಗಿದರೆ ಮತ್ತೆ ಹಾಕಿ. ಎರಡು ದಿನದ ಗಡ್ಡ ಇದ್ದರೂ ಅಂಚು ಕೂರುವುದಿಲ್ಲ. ಉಸಿರು ಬಿಗಿಯಾದರೆ, ಬೆವರಲ್ಲಿ ನೆನೆದರೆ ಬಿಸಾಡಿ.

ಬಣ್ಣ, ಥಿನ್ನರ್, ಪೆಟ್ರೋಲಿನ ಆವಿಯನ್ನು ಧೂಳಿನ ಮಾಸ್ಕು ಒಂದಿಷ್ಟೂ ತಡೆಯದು. ಅದಕ್ಕೆ ಇದ್ದಿಲು ತುಂಬಿದ ಕ್ಯಾನಿಸ್ಟರ್ ಇರುವ ರಬ್ಬರ್ ಮಾಸ್ಕು ಬೇಕು. ಒಳಗೆ ವಾಸನೆ ಬರತೊಡಗಿದರೆ ಕ್ಯಾನಿಸ್ಟರ್ ಮುಗಿದಿದೆ ಎಂದರ್ಥ.

ಕೈ, ಬಟ್ಟೆ, ತಂಬಾಕು

ಆಸ್ಬೆಸ್ಟಾಸ್ ಕಾರ್ಖಾನೆಯೊಳಗೆ ಒಮ್ಮೆಯೂ ಕಾಲಿಡದೆ, ಗಂಡನ ಬಟ್ಟೆ ಒಗೆದೇ ಮೀಸೊಥೀಲಿಯೋಮಾಕ್ಕೆ (ಶ್ವಾಸಕೋಶದ ಹೊದಿಕೆಯ ಕ್ಯಾನ್ಸರಿಗೆ) ತುತ್ತಾದ ಹೆಂಗಸರ ದಾಖಲೆಗಳು ಹಲವು ದೇಶಗಳಲ್ಲಿವೆ. ಕೆಲಸದ ಬಟ್ಟೆ ಸೈಟಿನಲ್ಲೇ ಬದಲಿಸಿ, ಕೊಡವಬೇಡಿ, ಬೇರೆ ಬಕೆಟ್ಟಿನಲ್ಲಿ ಮೊದಲು ನೆನೆಸಿ ಆಮೇಲೆ ಒಗೆಯಿರಿ.

ಕಲ್ಲಿನ, ಎಣ್ಣೆಯ ಕೈಯಲ್ಲೇ ಸುಣ್ಣ-ತಂಬಾಕು ತಿಕ್ಕುವುದೆಂದರೆ ಎರಡು ವಿಷ ಒಂದೇ ತುತ್ತಿನಲ್ಲಿ. ಅದಕ್ಕಿಂತ ಭಯಂಕರ ಬೀಡಿ ಮತ್ತು ಆಸ್ಬೆಸ್ಟಾಸ್ ಜೋಡಿ. ಅಮೆರಿಕದ ಇನ್ಸುಲೇಷನ್ ಕೆಲಸಗಾರರ ಮೇಲೆ ನಡೆದು 1979ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡೂ ಇಲ್ಲದವರಿಗೆ ಹೋಲಿಸಿದರೆ, ಶ್ವಾಸಕೋಶದ ಕ್ಯಾನ್ಸರಿನ ಸಾವು ಆಸ್ಬೆಸ್ಟಾಸ್ ಒಂದರಿಂದ ಸುಮಾರು 5 ಪಟ್ಟು, ಧೂಮಪಾನ ಒಂದರಿಂದ 11 ಪಟ್ಟು, ಎರಡೂ ಇದ್ದವರಲ್ಲಿ 53 ಪಟ್ಟು ಕಂಡಿತು. ಕೆಲಸ ಬಿಡಲಾಗದವನು ಬೀಡಿಯನ್ನಾದರೂ ಬಿಟ್ಟರೆ ಸಿಗುವ ಲಾಭ ಎಷ್ಟೆಂದು ಈ ಲೆಕ್ಕವೇ ಹೇಳುತ್ತದೆ. ಮಹಾರಾಷ್ಟ್ರಕ್ಕೆ ಬಂದ ಮೇಲೆ ಮನೆಯ ಹೆಂಗಸರಿಗೆ ಅಂಟುವ ಮಿಶ್ರಿಯೂ ತಂಬಾಕೇ, ಹಲ್ಲುಪುಡಿಯಲ್ಲ.

ದಾಖಲೆ, ತಪಾಸಣೆ, ಹಕ್ಕು

ಒಂದು ನೋಟ್‌ಬುಕ್ ಇಡಿ. ಯಾವ ವರ್ಷದಿಂದ ಯಾವ ವರ್ಷ, ಯಾವ ಊರು, ಯಾರ ಕೈಕೆಳಗೆ, ಏನು ಕೆಲಸ, ಯಾವ ವಸ್ತು. ಹಾಜರಿ ಚೀಟಿ, ಗೇಟ್ ಪಾಸ್, ಡಬ್ಬದ ಲೇಬಲ್ಲಿನ ಫೋಟೋ ಜೊತೆಗಿರಲಿ, ಒಂದು ಪ್ರತಿ ಊರಲ್ಲೂ. ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಮಾಲೀಕ ಇಡುತ್ತಾನೆಂದು ನಂಬಿ ಕೂರಬೇಡಿ.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದು, ಕೆಲಸದ ಜಾಗ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ವ್ಯಾಪ್ತಿಗೆ ಬರುತ್ತಿದ್ದರೆ ಕಾರ್ಡು ಕೇಳಿ ಪಡೆಯಿರಿ. ಕಟ್ಟಡ ಕಾರ್ಮಿಕರು ವರ್ಷದಲ್ಲಿ 90 ದಿನ ದುಡಿದಿದ್ದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು, ವಯಸ್ಸು 18ರಿಂದ 60ರೊಳಗೆ. ಕಾರ್ಖಾನೆಯಲ್ಲಿ ಹೊಗೆ-ಧೂಳಿನ ದೂರಿಗೆ ಮಹಾರಾಷ್ಟ್ರದಲ್ಲಿ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಚಾಲನಾಲಯ, ಜನ ‘ಡಿಶ್’ ಎನ್ನುವುದು ಇದನ್ನೇ. ಗೋವಾದಲ್ಲಿ ಕಾರ್ಖಾನೆ ಮತ್ತು ಬಾಯ್ಲರುಗಳ ಇನ್‌ಸ್ಪೆಕ್ಟೊರೇಟ್.

ಕೆಲಸಕ್ಕೆ ಸೇರುವಾಗಲೇ ಒಂದು ಎದೆಯ ಎಕ್ಸ್‌ರೇ ಮತ್ತು ಊದಿ ನೋಡುವ ಸ್ಪೈರೋಮೆಟ್ರಿ ಮಾಡಿಸಿಟ್ಟುಕೊಳ್ಳಿ. ಮುಂದಿನದನ್ನು ಹೋಲಿಸಲು ಅದು ಬೇಕು. ಆದರೆ ಎಕ್ಸ್‌ರೇ ಸ್ವಚ್ಛ ಬಂತೆಂದರೆ ಕ್ಯಾನ್ಸರ್ ಇಲ್ಲವೆಂದು ತಿಳಿಯಬೇಡಿ, ಆರಂಭದ ಗಡ್ಡೆ ಅದರಲ್ಲಿ ತಪ್ಪಿಹೋಗುತ್ತದೆ. ತಡಮಾಡದೆ ತೋರಿಸಬೇಕಾದವು ಇವು: ಮೂರು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಬಣ್ಣದ, ರಬ್ಬರಿನ ಕೆಲಸ ಮಾಡಿದವರಿಗೆ ನೋವಿಲ್ಲದೆ ಮೂತ್ರದಲ್ಲಿ ರಕ್ತ, ಒಮ್ಮೆ ಬಂದು ನಿಂತರೂ ಸರಿ, ಬಡಗಿಗಳಿಗೆ ಒಂದೇ ಹೊಳ್ಳೆ ಕಟ್ಟುವುದು ಅಥವಾ ರಕ್ತ ಬರುವುದು, ಬಾಯಲ್ಲಿ ಮೂರು ವಾರಕ್ಕೂ ಮಾಯದ ಹುಣ್ಣು, ಎಣ್ಣೆ ತಾಗುವ ಚರ್ಮದಲ್ಲಿ ಬೆಳೆಯುವ ಗಂಟು.

ಕಲ್ಲು ಕೆಲಸದವನ ಕೆಮ್ಮನ್ನು ಟಿಬಿ ಎಂದು ತಿಂಗಳುಗಟ್ಟಲೆ ಮಾತ್ರೆ ಕೊಡುವುದು ಎಲ್ಲ ಕಡೆ ನಡೆಯುತ್ತದೆ. ಕಫದ ಪರೀಕ್ಷೆಯಲ್ಲಿ ಟಿಬಿ ಸಿಗದೆ, ಔಷಧಿಗೂ ಕೆಮ್ಮು ಬಗ್ಗದಿದ್ದರೆ ‘ಧೂಳಿನ ಕೆಲಸ ಮಾಡುತ್ತೇನೆ, ಸಿಟಿ ಸ್ಕ್ಯಾನ್ ಬೇಕೇ ನೋಡಿ’ ಎಂದು ಡಾಕ್ಟರಿಗೆ ನೀವೇ ಹೇಳಿ. ಪರೇಲಿನ ಟಾಟಾ ಮೆಮೋರಿಯಲ್ಲಿಗೋ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೋ ಹೋಗುವಾಗ ನೋಟ್‌ಬುಕ್ ಕೈಯಲ್ಲಿರಲಿ. ಏನು ಕೆಲಸ, ಎಷ್ಟು ವರ್ಷ, ಯಾವ ವಸ್ತು ಎಂಬುದನ್ನು ಕೇಸ್ ಪೇಪರಿನಲ್ಲಿ ಬರೆಸಿಕೊಳ್ಳಿ. ಆಸ್ಬೆಸ್ಟಾಸ್‌ನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೊಥೀಲಿಯೋಮಾ, ರಾಸಾಯನಿಕದಿಂದ ಬರುವ ಮೂತ್ರಕೋಶದ ಗಡ್ಡೆ, ಟಾರು ಮತ್ತು ಖನಿಜ ಎಣ್ಣೆಯಿಂದ ಬರುವ ಚರ್ಮದ ಕ್ಯಾನ್ಸರ್ ಇಎಸ್‌ಐ ಹಾಗೂ ಕಾರ್ಮಿಕ ಪರಿಹಾರ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ. ಪರಿಹಾರದ ಅರ್ಜಿ ಹಾಕುವಾಗ ಆಸ್ಪತ್ರೆಯ ಕಾಗದದಲ್ಲಿ ‘ಕೂಲಿ’ ಎಂದಷ್ಟೇ ಇದ್ದರೆ ಕಾಯಿಲೆ ಕೆಲಸದಿಂದಲೇ ಬಂತೆಂದು ತೋರಿಸುವುದು ಕಷ್ಟ; ‘8 ವರ್ಷ ಗ್ರಾನೈಟ್ ಒಣ ಕಟಿಂಗ್’ ಎಂದು ಬರೆದಿದ್ದರೆ ಅದೇ ಸಾಕ್ಷಿ.